ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ದೂರ ಸುಮಾರು 2.7 ಕಿಲೋಮೀಟರ್. ವೇಳಾಪಟ್ಟಿಯ ಪ್ರಕಾರ 2 ನಿಮಿಷ. ತಮಾಷೆ ಅಲ್ಲ, ನಿಜವಾಗಿಯೂ ಟಿಕೆಟ್ ಕೊಟ್ಟು ಹತ್ತುವ ವಿಮಾನವೇ!

ಇವೆರಡೂ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳು. ಲೋಗನ್‌ಏರ್ ಕಂಪನಿ 1967ರಿಂದ ಇಲ್ಲಿ ವಿಮಾನ ಓಡಿಸುತ್ತಿದೆ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಇದೇ.

ಅಂತರ್ಜಾಲದ ದೂರ-ಸಮಯ ಲೆಕ್ಕದ ತಾಣಗಳನ್ನು ಇಲ್ಲಿ ನಂಬಬೇಡಿ. ಅವು ದೊಡ್ಡ ಜೆಟ್‌ನ ವೇಗ ಹಿಡಿದು, ಮೇಲೇರಿ ಇಳಿಯಲು ಅಂತ ಅರ್ಧ ಗಂಟೆ ಸುಮ್ನೆ ಸೇರಿಸಿಬಿಡುತ್ತವೆ. ಇಲ್ಲಿ ಹಾರುವುದು ಐಲ್ಯಾಂಡರ್ ಎಂಬ ಪುಟ್ಟ ವಿಮಾನ. ಎರಡು ಪ್ರೊಪೆಲರ್, ಎಂಟು ಪ್ರಯಾಣಿಕರು. ಸೀಟು ಸಿಕ್ಕರೆ ಪೈಲಟ್ ಪಕ್ಕದಲ್ಲೇ ಕೂರಬಹುದು.

ಗಂಟೆಗೆ 240 ಕಿಲೋಮೀಟರ್ ವೇಗ ಅಂದರೆ ನಿಮಿಷಕ್ಕೆ 4 ಕಿಲೋಮೀಟರ್. ಹಾಗಾದರೆ 40 ಸೆಕೆಂಡಿನಲ್ಲೇ ಮುಟ್ಟಬೇಕಲ್ವಾ? ಆದರೆ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ. ಅದಕ್ಕೇ ಸಾಮಾನ್ಯವಾಗಿ ಗಾಳಿಯಲ್ಲಿರುವುದು ಒಂದೂವರೆ ನಿಮಿಷದಷ್ಟು. ಹಿಂದಿನಿಂದ ಗಾಳಿ ತಳ್ಳಿದರೆ ಇನ್ನೂ ಬೇಗ. ದಾಖಲೆ 53 ಸೆಕೆಂಡ್. ಎದುರುಗಾಳಿ ಜೋರಾಗಿದ್ದರೆ ಜಾಸ್ತಿ ಹಿಡಿಯುತ್ತದೆ.

ಇಷ್ಟಕ್ಕೆ ವಿಮಾನ ಯಾಕೆ ಅಂತ ಕೇಳಬಹುದು. ನಡುವೆ ಸೇತುವೆ ಇಲ್ಲ, ಸಮುದ್ರವೋ ಒರಟು. ಪಾಪಾ ವೆಸ್ಟ್ರೇಯ ಜನಸಂಖ್ಯೆ ನೂರರ ಆಸುಪಾಸು. ಮೇಷ್ಟ್ರು, ಡಾಕ್ಟರು ಬಸ್ಸು ಹತ್ತಿದಂತೆ ಇದನ್ನು ಹತ್ತುತ್ತಾರೆ.

ನೀವು ಹೋಗುವುದಾದರೆ ಮೊದಲು ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್ ತಲುಪಬೇಕು, ವಿಮಾನ ಹೊರಡುವುದು ಅಲ್ಲಿಂದ. ಮಂಜು ಕವಿದರೆ ರದ್ದಾಗಬಹುದು, ಹಾಗಾಗಿ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ.