ಕೊಲ್ಲದ ಮದ್ದು ಮದ್ದು ಹೇಗಾದೀತು?

ಹಾಸನದ ಓದುಗರೊಬ್ಬರ ಪತ್ರ: "ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ, ಅವು ಪ್ರೋಟೀನ್ ಸಾಗಿಸುವುದನ್ನಷ್ಟೇ ತಡೆಯುವ ರಾಸಾಯನಿಕಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾವಿನ ಹಲ್ಲು ಕಿತ್ತರೆ ಮತ್ತೆ ಮೊಳೆಯುತ್ತದೆ. ಕೊಲ್ಲದ ಮದ್ದಿನಿಂದ ರೋಗ ವಾಸಿಯಾಗುವುದು ಹೇಗೆ? ಇದಕ್ಕೆ ಪ್ರತಿರೋಧ ಬೆಳೆಯುವುದೇ ಇಲ್ಲ ಎಂಬುದನ್ನಂತೂ ನಾನು ನಂಬಲಾರೆ."

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನೀವು ನಂಬದಿದ್ದುದು ಸರಿ. ಆ ವಾಕ್ಯ ಅಚ್ಚಾಗಬಾರದಿತ್ತು, ಓದಿಯೂ ಅದನ್ನು ಉಳಿಸಿದ ತಪ್ಪು ನನ್ನದು. ಸುಟ್ಟಗಾಯಕ್ಕೂ ಶ್ವಾಸಕೋಶಕ್ಕೂ ಕಾಡುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಮೇಲೆ ಫೀನಾಕ್ಸಿಅಸೆಟಮೈಡ್ ಎಂಬ ಇಂಥದೇ ಸಂಯುಕ್ತಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲೇ ಉತ್ತರ ಕೊಟ್ಟಿದ್ದಾರೆ: ಒಂದು ಪ್ರೋಟೀನಿನಲ್ಲಿ ಸಣ್ಣ ಬದಲಾವಣೆಯಾದರೂ ಸಾಕು, ಮದ್ದು ನಾಟುವುದಿಲ್ಲ.

ಆ ಪ್ರೋಟೀನ್ ಯಾವುದು ಎಂಬಲ್ಲೇ ನಿಮ್ಮ ಮುಖ್ಯ ಪ್ರಶ್ನೆಗೂ ಉತ್ತರವಿದೆ. ಸ್ಯೂಡೊಮೊನಾಸ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಯೆರ್ಸಿನಿಯಾ ಮುಂತಾದ ರೋಗಕಾರಕ ಬ್ಯಾಕ್ಟೀರಿಯಾಗಳ ಮೈಮೇಲೆ ಟೊಳ್ಳು ಸೂಜಿಗಳಿರುತ್ತವೆ. ಸ್ಯೂಡೊಮೊನಾಸ್ ತನ್ನ ಸೂಜಿಯನ್ನು ಕಟ್ಟಿಕೊಳ್ಳುವುದು ಆ ಪ್ರೋಟೀನಿನಿಂದಲೇ. ಯೆರ್ಸಿನಿಯಾದ ಸೂಜಿ ಒಂದು ಮಿಲಿಮೀಟರಿನ ಹತ್ತು ಸಾವಿರ ಪಾಲುಗಳಲ್ಲಿ ಒಂದರಷ್ಟೂ ಉದ್ದವಿಲ್ಲ. ಅದರ ಕೊಳವೆಯಂತೂ ಎಷ್ಟು ಸಣ್ಣದೆಂದರೆ, ಮಡಚಿಕೊಂಡಿರುವ ಪ್ರೋಟೀನ್ ಅದರೊಳಗೆ ತೂರಲಾರದು. ಉಂಡೆಯ ನೂಲು ಬಿಚ್ಚಿ ಎಳೆಯಾಗುವಂತೆ ಬಿಚ್ಚಿಕೊಂಡೇ ಸಾಗಬೇಕು. ಸೂಜಿ ನಮ್ಮ ಜೀವಕೋಶಕ್ಕೆ ತಾಗಿದಾಗ ಬ್ಯಾಕ್ಟೀರಿಯಾ ತನ್ನ ಪ್ರೋಟೀನುಗಳನ್ನು ನೇರವಾಗಿ ಅದರೊಳಕ್ಕೆ ಇಳಿಸುತ್ತದೆ. ತನ್ನನ್ನು ನುಂಗಲು ಬಂದ ಬಿಳಿ ರಕ್ತಕಣದೊಳಗೆ ಯೆರ್ಸಿನಿಯಾ ಸೇರಿಸುವ ಒಂದು ಪ್ರೋಟೀನಿನ ಕೆಲಸ, ಆ ನುಂಗುವ ಕ್ರಿಯೆಯನ್ನೇ ಕಟ್ಟಿಹಾಕುವುದು. ಹೊಟ್ಟೆ ನೋಯಿಸುವ ಸಾಮಾನ್ಯ ಯೆರ್ಸಿನಿಯಾದಲ್ಲಿಯೂ ಪ್ಲೇಗಿನ ಯೆರ್ಸಿನಿಯಾದಲ್ಲಿಯೂ ಇರುವುದು ಇದೇ ಆಯುಧ. 1898ರಲ್ಲಿ ಬೆಂಗಳೂರನ್ನು ಗುಳೆ ಎಬ್ಬಿಸಿ, ಮಲ್ಲೇಶ್ವರ, ಬಸವನಗುಡಿಗಳು ಬೆಳೆಯಲು ಕಾರಣವಾದ ಆ ಮಹಾಮಾರಿಯ ಹಿಂದೆಯೂ ಈ ಸೂಜಿಯೇ ಇತ್ತು ಎಂದು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಈಗ ಸೂಜಿಗೆ ಅಡ್ಡಗಾಲು ಹಾಕಿದಿರಿ ಎನ್ನಿ. ಬ್ಯಾಕ್ಟೀರಿಯಾ ಬದುಕಿರುತ್ತದೆ, ಆದರೆ ಬಿಳಿ ರಕ್ತಕಣದ ಬಾಯಿ ಕಟ್ಟಲು ಅದಕ್ಕೆ ಏನೂ ಇರುವುದಿಲ್ಲ. ಕೊಲ್ಲುವ ಕೆಲಸ ನಮ್ಮ ದೇಹದ್ದೇ. ಹಲ್ಲು ಮತ್ತೆ ಮೊಳೆಯುವುದರೊಳಗೆ ಮುಂಗುಸಿ ಹಾವನ್ನು ಮುಗಿಸಬೇಕು. ಹಾಗಾಗಿ ಮುಂಗುಸಿಯೇ ಸೊರಗಿದವರಲ್ಲಿ, ಎಂದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಈ ದಾರಿಯ ಬಲ ಕಡಿಮೆ. ಪ್ರತಿಜೀವಕಗಳು ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಸವರಿಹಾಕುತ್ತವೆ. ಸೂಜಿಯಿಲ್ಲದ ಅವುಗಳಿಗೆ ಈ ಮದ್ದಿನಿಂದ ಅಪಾಯ ಕಡಿಮೆ. ನನಗೆ ಈ ವಿಷಯದಲ್ಲಿ ಇಷ್ಟು ಆಸ್ಥೆ ಹುಟ್ಟಲು ಅದೇ ಕಾರಣ.

ಹುಡುಕಾಟ ಹಳೆಯದು. ಸ್ವೀಡನ್ನಿನ ಉಮಿಯೊದ ವಿಜ್ಞಾನಿಗಳು, ಯೆರ್ಸಿನಿಯಾದ ಬೆಳವಣಿಗೆಗೆ ಅಡ್ಡಿಯಾಗದೆ ಸೂಜಿಯನ್ನಷ್ಟೇ ತಡೆಯುವ ಸಂಯುಕ್ತಗಳನ್ನು 2003ರಲ್ಲಿ ಗುರುತಿಸಿದರು. ಅವುಗಳಲ್ಲಿ ಸ್ಯಾಲಿಸಿಲಿಡೀನ್ ಅಸೈಲ್‌ಹೈಡ್ರಜೈಡ್‌ಗಳು ಹೆಸರಾದವು. ಆಮೇಲೆ ತೊಡಕು ಕಾಣಿಸಿತು. ಈ ಸಂಯುಕ್ತಗಳು ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣದ ಅಂಶವನ್ನೂ ಹಿಡಿದುಕೊಳ್ಳುತ್ತವೆ; ಕ್ಲಮೀಡಿಯಾ ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಒದಗಿಸಿದಾಗ ಅವುಗಳ ಪರಿಣಾಮವೇ ಇಳಿದುಹೋಯಿತು. ಮದ್ದು ಸೂಜಿಯನ್ನು ತಡೆಯುತ್ತಿದೆಯೋ ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತಿದೆಯೋ ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು. ಸ್ಯೂಡೊಮೊನಾಸ್ ಸೂಜಿಯ ತುದಿಗೆ ಅಂಟುವಂತೆ ರೂಪಿಸಿದ ಒಂದು ಪ್ರತಿಕಾಯವನ್ನು ಕೃತಕ ಉಸಿರಾಟದಲ್ಲಿದ್ದ ರೋಗಿಗಳಿಗೆ ಕೊಟ್ಟು ನೋಡಿದ್ದೂ ಉಂಟು. ನ್ಯುಮೋನಿಯಾ ತಪ್ಪಿಸುವ ಗುರಿ ಈಡೇರಲಿಲ್ಲ. ಇವನ್ನೆಲ್ಲ ನಮ್ಮ ಲೇಖನ ಹೇಳಬೇಕಿತ್ತು.

ಸಾಗಣೆ ತಡೆಯುವ ಮದ್ದುಗಳೆಲ್ಲ ಕೊಲ್ಲದವೇ ಎಂದೇನೂ ಇಲ್ಲ. ಬ್ಯಾಕ್ಟೀರಿಯಾ ತನ್ನದೇ ಹೊರಪೊರೆ ಕಟ್ಟಿಕೊಳ್ಳಲೂ ಪ್ರೋಟೀನುಗಳನ್ನು ಹೊರಗೆ ಸಾಗಿಸಬೇಕು. ಆ ಬಾಗಿಲು ಮುಚ್ಚಿದರೆ ಅದು ಸಾಯುತ್ತದೆ. ಅಲ್ಲಿನ ಸೆಕ್‌ಎ ಎಂಬ ಯಂತ್ರವನ್ನು ಸೋಡಿಯಂ ಅಜೈಡ್ ತಡೆಯುತ್ತದೆ, ಆದರೆ ನಮಗೂ ಅದು ಘೋರ ವಿಷ. ಹೊರಬಂದ ಪ್ರೋಟೀನಿನ ತುದಿಯನ್ನು ಕತ್ತರಿಸುವ ಕಿಣ್ವವನ್ನು ಗುರಿಯಾಗಿಸಿ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ, ಅರೈಲೊಮೈಸಿನ್ ಎಂಬ ನೈಸರ್ಗಿಕ ಪ್ರತಿಜೀವಕದಿಂದ ರೂಪಿಸಿದ ಸಂಯುಕ್ತ, ಹಲವು ಔಷಧಿಗಳಿಗೆ ಜಗ್ಗದ ತಳಿಗಳನ್ನೂ ಪ್ರಯೋಗಾಲಯದಲ್ಲಿ ಕೊಂದಿತು.

ಸೂಜಿಯ ಮದ್ದು ಪ್ರತಿಜೀವಕಗಳ ಜಾಗಕ್ಕೆ ಬರುವುದಕ್ಕಿಂತ ಅವುಗಳ ಜೊತೆಗಾರನಾಗಿ ಬರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇಂದಿಗಂತೂ ನಮ್ಮ ಔಷಧಿ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ನಮ್ಮ ತಪ್ಪಿನ ತಿದ್ದುಪಡಿಯನ್ನು ಇದೇ ಸಂಚಿಕೆಯ ಮೊದಲ ಪುಟದಲ್ಲಿ, ಲೇಖನಕ್ಕೆ ಬಳಸಿದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ.