ಪಿನ್: ಊರಿಗೆಲ್ಲ ಹೇಳುವುದು, ಯಾರಿಗೂ ಹೇಳಬಾರದ್ದು

ಪ್ರಶ್ನೆ: ನಮ್ಮೊಂದಿಗೆ ಇರಲು ಊರಿನಿಂದ ಬಂದಿರುವ ಅತ್ತೆಯವರು ಬ್ಯಾಂಕಿನ ಅರ್ಜಿ ತುಂಬುವಾಗ, ವಿಳಾಸದ ಕೊನೆಗೆ ‘ಪಿನ್’ ಎಂದಿದ್ದ ಜಾಗದಲ್ಲಿ ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆಯನ್ನೇ ಬರೆದುಬಿಟ್ಟರು. ಕೌಂಟರಿನಲ್ಲಿದ್ದವರು ಅದನ್ನು ಕಂಡು ಬೇರೆ ಅರ್ಜಿ ಕೊಟ್ಟರು. ಎರಡಕ್ಕೂ ಒಂದೇ ಹೆಸರು ಏಕೆ ಬಂತು? ‘ಪಿನ್ ನಂಬರ್’ ಎನ್ನುವುದೇ ತಪ್ಪು ಎಂದು ಮಗ ತಿದ್ದುತ್ತಾನೆ. ಅದು ಸರಿಯೇ?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಸಂಖ್ಯೆ ಇನ್ನೊಬ್ಬರ ಕಣ್ಣಿಗೆ ಬಿದ್ದಿರುವುದರಿಂದ ಕಾರ್ಡಿನ ಪಿನ್ನನ್ನು ಇಂದೇ ಬದಲಾಯಿಸಿಬಿಡಿ. ನಿಮ್ಮ ಅತ್ತೆಯವರು ತಪ್ಪಾಗಿ ಓದಿದರೆಂದು ನಾನು ಹೇಳಲಾರೆ. ಬ್ಯಾಂಕಿನ ಕಾಗದದ ಮೇಲೆ ಬರೀ ‘ಪಿನ್’ ಎಂದು ಅಚ್ಚಾಗಿದ್ದರೆ, ಬ್ಯಾಂಕಿನಲ್ಲಿ ಆ ಮಾತಿಗೆ ಯಾವ ಅರ್ಥವಿದೆಯೋ ಅದನ್ನೇ ಅವರು ತೆಗೆದುಕೊಂಡಿದ್ದಾರೆ.

ಇವೆರಡೂ ಬೇರೆ ಬೇರೆ ಇಂಗ್ಲಿಷ್ ಪದಗುಚ್ಛಗಳ ಮೊದಲಕ್ಷರಗಳಿಂದ ಹುಟ್ಟಿದವು. ಅಂಚೆಯದು ‘ಪೋಸ್ಟಲ್ ಇಂಡೆಕ್ಸ್ ನಂಬರ್’, ಬ್ಯಾಂಕಿನದು ‘ಪರ್ಸನಲ್ ಐಡೆಂಟಿಫಿಕೇಶನ್ ನಂಬರ್’. ಅಕ್ಷರಗಳು ಹೊಂದಿಕೊಂಡದ್ದು ಆಕಸ್ಮಿಕ. ಒಂದರಿಂದ ಇನ್ನೊಂದು ಬಂದದ್ದಲ್ಲ.

ಅಂಚೆಯ ಪಿನ್ ನಮ್ಮ ದೇಶದಲ್ಲಿ ಬಳಕೆಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಕೇಂದ್ರ ಸಂಪರ್ಕ ಸಚಿವಾಲಯದ ಹಿರಿಯ ಅಧಿಕಾರಿಯಾಗಿದ್ದರು, ಅದರ ಜೊತೆಗೆ ಸಂಸ್ಕೃತದ ಕವಿಯೂ ಆಗಿದ್ದರು. ಒಂದೇ ಹೆಸರಿನ ಹತ್ತಾರು ಊರುಗಳು, ಹಲವು ಲಿಪಿಗಳು, ಓದಲು ಬಾರದ ಕೈಬರಹ ಇವೆಲ್ಲ ಇರುವ ದೇಶದಲ್ಲಿ ಪತ್ರವನ್ನು ವಿಂಗಡಿಸುವವನಿಗೆ ಊರಿನ ಹೆಸರು ತಿಳಿಯದಿದ್ದರೂ ದಾರಿ ತಿಳಿಯಬೇಕು ಎಂಬುದೇ ಇದರ ಉದ್ದೇಶ. ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ. ಉಳಿದ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿಯವು. ಮಹಾರಾಷ್ಟ್ರ ಮತ್ತು ಗೋವಾಗಳಿಗೆ 4 ಮೊದಲ ಅಂಕಿ, ನಮ್ಮ ಕರ್ನಾಟಕಕ್ಕೆ 5. ಸೇನೆಯ ಅಂಚೆಗೆ 9ನ್ನು ಮೀಸಲಿಟ್ಟಿದ್ದಾರೆ.

ಮುಂಬಯಿಯ ಹಳೆಯ ಕನ್ನಡಿಗರ ಮನೆಗಳಲ್ಲಿ 1972ಕ್ಕಿಂತ ಹಿಂದಿನ ಕಾಗದಗಳೇನಾದರೂ ಉಳಿದಿದ್ದರೆ ತೆಗೆದು ನೋಡಿ. ಮಾಟುಂಗಾದ ವಿಳಾಸದಲ್ಲಿ ‘ಬೊಂಬಾಯಿ-19’ ಎಂದಿರುತ್ತದೆ. ಹೊಸ ಪದ್ಧತಿ ಬಂದಾಗ, ನಗರದೊಳಗಿನ ಅಂಚೆ ವಿಭಾಗದ ಅಂಕಿಯಾಗಿದ್ದ ಆ 19ನ್ನು ಕೈಬಿಡದೆ ಅದರ ಹಿಂದೆ 4000 ಸೇರಿಸಿ 400019 ಮಾಡಿದರು. ಬೆಂಗಳೂರಿನ ಬಸವನಗುಡಿಯ 4 ಕೂಡ ಹೀಗೆಯೇ 560004 ಆಯಿತು. ಜನರ ಬಾಯಲ್ಲಿ ಆಗಲೇ ಇದ್ದ ಅಂಕಿಯನ್ನು ಉಳಿಸಿಕೊಂಡ ಈ ವಿವೇಕ ನನಗೆ ಬಹಳ ಮೆಚ್ಚುಗೆಯಾಗುತ್ತದೆ. ನಿಮ್ಮ ಡೊಂಬಿವಲಿ ಪೂರ್ವದ್ದು 421201. ಠಾಣೆ, ವಾಶಿಗಳು ಮುಂಬಯಿ ಮಹಾನಗರಪಾಲಿಕೆಯ ಗಡಿಯ ಹೊರಗಿದ್ದರೂ ಅವುಗಳ ಪಿನ್ 400ರಿಂದ ಶುರುವಾಗುತ್ತದೆ, ಲೋಕಲ್ ರೈಲಿನಲ್ಲಿ ದಿನವೂ ಮುಂಬಯಿಗೆ ಹೋಗಿಬರುವ ನಿಮ್ಮದು ಹಾಗಲ್ಲ. ಈ ಸಂಖ್ಯೆ ಪತ್ರ ಸಾಗುವ ದಾರಿಯನ್ನು ತೋರಿಸುತ್ತದೆಯೇ ಹೊರತು ನಗರದ ಎಲ್ಲೆಯನ್ನಲ್ಲ.

ಬ್ಯಾಂಕಿನ ಪಿನ್ನಿಗೆ ಬೇರೆಯೇ ಚರಿತ್ರೆ ಇದೆ. ಹಣ ಕೊಡುವ ಯಂತ್ರಕ್ಕೆ ಗುಟ್ಟಿನ ಸಂಖ್ಯೆಯನ್ನು ಜೋಡಿಸುವ ಪೇಟೆಂಟನ್ನು ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೊ 1966ರಲ್ಲಿ ಸಲ್ಲಿಸಿದರು. ಮರುವರ್ಷ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ತೆರೆದ ಯಂತ್ರ ಜಾನ್ ಶೆಫರ್ಡ್-ಬ್ಯಾರನ್ ಅವರ ತಂಡದ್ದು, ಅವರು ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ತಾವು ಆರು ಅಂಕಿಗಳನ್ನು ಯೋಚಿಸಿದ್ದುದಾಗಿಯೂ, ತಮ್ಮ ಹೆಂಡತಿ ನಾಲ್ಕಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳಲಾರೆ ಎಂದದ್ದರಿಂದ ನಾಲ್ಕಕ್ಕೆ ಇಳಿಸಿದುದಾಗಿಯೂ ಅವರು ಮುಂದೆ ಹೇಳಿದ್ದುಂಟು. ಭಾರತದ ಮೊದಲ ಎಟಿಎಂ ಬಂದದ್ದು ಮುಂಬಯಿಯಲ್ಲೇ, 1987ರಲ್ಲಿ.

ಇನ್ನು ನಿಮ್ಮ ಮಗನ ತಿದ್ದುಪಡಿ. ‘ಪಿನ್’ ಎಂಬುದರ ಕೊನೆಯ ಅಕ್ಷರವೇ ನಂಬರ್ ಆಗಿರುವಾಗ ಮತ್ತೊಮ್ಮೆ ‘ನಂಬರ್’ ಎನ್ನುವುದು ಲೆಕ್ಕಕ್ಕೆ ದ್ವಿರುಕ್ತಿಯೇ. ಆದರೆ ‘ಗೇಟುಬಾಗಿಲು’ ಎನ್ನುವ ನಾವು ಇದಕ್ಕೆ ಹೆದರಬೇಕಿಲ್ಲ. ಜನರು ಅಂಚೆಯದಕ್ಕೆ ‘ಪಿನ್ ಕೋಡ್’ ಎಂದೂ ಬ್ಯಾಂಕಿನದಕ್ಕೆ ‘ಪಿನ್ ನಂಬರ್’ ಎಂದೂ ಬಾಲ ಸೇರಿಸಿ, ಇಂಗ್ಲಿಷ್ ಮಾಡಿದ ಗೊಂದಲವನ್ನು ತಾವೇ ಬಿಡಿಸಿಕೊಂಡಿದ್ದಾರೆ. ವ್ಯಾಕರಣದಲ್ಲಿ ಹೆಚ್ಚೆನಿಸುವ ಆ ಪದವೇ ಯಾವುದನ್ನು ಎಲ್ಲರಿಗೂ ಹೇಳಬಹುದು, ಯಾವುದನ್ನು ಹೆತ್ತ ಮಕ್ಕಳಿಗೂ ಹೇಳಬಾರದು ಎಂಬುದನ್ನು ಕಾಯುತ್ತದೆ. ಆದ್ದರಿಂದ ಅತ್ತೆಯವರು ಹಾಗೆಯೇ ಹೇಳಲಿ, ಅವರನ್ನು ತಿದ್ದಬೇಡಿ. ತಿದ್ದಬೇಕಾದದ್ದು ಅರ್ಜಿಯನ್ನು. ಅಲ್ಲಿ ‘ಪಿನ್ ಕೋಡ್’ ಎಂದು ಪೂರ್ತಿ ಅಚ್ಚು ಹಾಕಿಸಿದರೆ ಇಂಥ ಅಪಾಯವೇ ಇರುವುದಿಲ್ಲ. ನಿಮ್ಮ ಶಾಖೆಯವರಿಗೆ ಎರಡು ಸಾಲಿನ ಪತ್ರ ಬರೆಯಿರಿ.

ಪ್ರಶ್ನೆ: ಹಳೆಯ ಕಪಾಟು ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ್ದೆ. ಕೊಳ್ಳುತ್ತೇನೆಂದು ಫೋನ್ ಮಾಡಿದವರು ‘ಮುಂಗಡ ಕಳಿಸಿದ್ದೇನೆ, ಜಮೆಯಾಗಲು ನಿಮ್ಮ ಪಿನ್ ಒತ್ತಿ’ ಎಂದರು. ನಾನು ಒತ್ತಲಿಲ್ಲ. ಅವರ ಮಾತು ನಿಜವಿದ್ದಿರಬಹುದೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಖಂಡಿತ ಇಲ್ಲ, ನೀವು ಒತ್ತದೇ ಇದ್ದದ್ದು ಬಹಳ ಒಳ್ಳೆಯದಾಯಿತು. ಮುಂಬಯಿಯಲ್ಲಿ ಮುಖ್ಯ ಕಚೇರಿ ಇರುವ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಆರಂಭಿಸಿದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಎಂದರೆ ‘ನನ್ನ ಖಾತೆಯಿಂದ ಹಣ ಹೋಗಲಿ’ ಎಂದು ನೀವು ಹಾಕುವ ರುಜು. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಅದನ್ನು ಒತ್ತುವುದುಂಟು. ಹಣ ಪಡೆಯಲು ಮಾತ್ರ ಎಂದಿಗೂ ಬೇಕಾಗುವುದಿಲ್ಲ. ನೀವು ಪಿನ್ ಒತ್ತಿದ್ದರೆ ಹಣ ಬರುತ್ತಿರಲಿಲ್ಲ, ನಿಮ್ಮ ಖಾತೆಯಿಂದಲೇ ಹೋಗುತ್ತಿತ್ತು. ಯಾರಾದರೂ ಹೀಗೆ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಲಿ.

ಪ್ರಶ್ನೆ: ಸೀರೆಗೆ ಚುಚ್ಚುವ ಪಿನ್ನಿಗೂ ಏನಾದರೂ ವಿಸ್ತೃತ ರೂಪವಿದೆಯೇ?
– ಓದುಗರು, ಮುಲುಂಡ್

ಉತ್ತರ: ಇಲ್ಲ, ಅದು ಇಡಿಯಾದ ಪದ, ಇಂಗ್ಲಿಷಿನಲ್ಲಿ ಬಹಳ ಹಳೆಯದು. ಕಾಗದಕ್ಕೆ ಚುಚ್ಚುವುದಕ್ಕೆ ಕನ್ನಡದಲ್ಲಿ ‘ಗುಂಡುಸೂಜಿ’ ಎಂಬ ಅಂದವಾದ ಹೆಸರಿದೆ, ಇಲ್ಲಿನ ಕಚೇರಿಗಳಲ್ಲಿ ಮರಾಠಿಯ ‘ಟಾಚಣಿ’ ಕೇಳಿಸುತ್ತದೆ. ತ್ರೀ-ಪಿನ್ ಪ್ಲಗ್ಗಿನ ಪಿನ್ನೂ ಇದೇ ಕುಲದ್ದು. ಅದರಲ್ಲಿ ಭೂಸಂಪರ್ಕದ ಪಿನ್ನನ್ನು ಉದ್ದವಾಗಿ ಮಾಡಿರುವುದು ಅದು ಎಲ್ಲಕ್ಕಿಂತ ಮೊದಲು ತಗಲಿ ಕೊನೆಗೆ ಬಿಡಲೆಂದು, ದಪ್ಪವಾಗಿ ಮಾಡಿರುವುದು ಅದು ಬೇರೆ ತೂತಿಗೆ ಹೋಗದಿರಲೆಂದು. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ‘ಪಿನ್ ಡಯೋಡ್’ ಎಂದರೆ ಅದು ಮತ್ತೆ ಮೊದಲಕ್ಷರಗಳ ಕೂಟ: ಪಿ ಮತ್ತು ಎನ್ ಬಗೆಯ ಅರೆವಾಹಕಗಳ ನಡುವೆ ‘ಇಂಟ್ರಿನ್ಸಿಕ್’ ಎಂಬ ಶುದ್ಧ ಪದರವಿರುವುದರಿಂದ ಆ ಹೆಸರು.

ಪ್ರಶ್ನೆ: ಅಂಚೆ ಇಲಾಖೆಯ ‘ಡಿಜಿಪಿನ್’ ಬಂದ ಮೇಲೆ ಹಳೆಯ ಪಿನ್ ಕೋಡ್ ಬರೆಯಬೇಕೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಬರೆಯಲೇಬೇಕು. 2025ರಲ್ಲಿ ಬಂದ ಡಿಜಿಪಿನ್ ಹತ್ತು ಅಕ್ಷರ-ಅಂಕಿಗಳ ಗುರುತು. ಅಕ್ಷಾಂಶ ರೇಖಾಂಶಗಳನ್ನು ಆಧರಿಸಿ ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ ಅದನ್ನು ಕೊಟ್ಟಿದ್ದಾರೆ. ವಾಡೊಗಳಲ್ಲಿ, ಅಂದರೆ ಹಳ್ಳಿಯ ಕೇರಿಗಳಲ್ಲಿ, ತೋಟಗಳ ನಡುವೆ ದೂರದೂರ ಇರುವ ನಿಮ್ಮ ಕಡೆಯ ಮನೆಗಳಿಗೆ, ಆಂಬುಲೆನ್ಸ್ ಬರಬೇಕಾದ ಹೊತ್ತಿನಲ್ಲಿ, ಇದು ತುಂಬ ಉಪಯುಕ್ತವಾದೀತು. ಆದರೆ ಅದು ವಿಳಾಸದ ಜೊತೆಗೆ ಇರುವಂಥದು, ವಿಳಾಸದ ಬದಲಿಗೆ ಅಲ್ಲ. ನೆಲವನ್ನಷ್ಟೇ ಅಳೆಯುವುದರಿಂದ ಬಹುಮಹಡಿ ಕಟ್ಟಡದಲ್ಲಿ ಕೆಳಗಿನ ಮನೆಗೂ ನೇರ ಮೇಲಿನ ಮನೆಗೂ ಒಂದೇ ಡಿಜಿಪಿನ್ ಬರುತ್ತದೆ. ಮಹಡಿ ಮತ್ತು ಮನೆಯ ಸಂಖ್ಯೆಯನ್ನು ಬೇರೆಯಾಗಿಯೇ ಬರೆಯಬೇಕು. ಲಕೋಟೆಯ ಮೇಲೆ ಎಂದಿನಂತೆ ಆರು ಅಂಕಿಗಳಿರಲಿ.