ಸಂಪಾದಕರ ಉತ್ತರ: ಇನ್‌ಸ್ಟಾಗ್ರಾಂ ಕಾದಂಬರಿಯ ವಸ್ತುವಾಗಬಹುದೇ?

ಮಾನ್ಯರೇ,

ಬ್ರಿಟನ್ನಿನ ಯುವ ಕಾದಂಬರಿಕಾರ್ತಿ ಒಲಿವಿಯಾ ಸುಜಿಕ್ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಫೋನಿನ ಆ್ಯಪ್ ಒಂದನ್ನು ನೆಚ್ಚಿಕೊಂಡು ಬರೆದ ಕಾದಂಬರಿ ಆ ಆ್ಯಪ್ ಮುಚ್ಚಿದ ದಿನವೇ ಸಾಯುತ್ತದೆ ಎಂದಿದ್ದೀರಿ. ಪರದೆಯನ್ನು ನೋಡುತ್ತ ಕುಳಿತ ಹುಡುಗಿಯ ಕಥೆಯಲ್ಲಿ ನಡೆಯುವುದಾದರೂ ಏನು ಎಂದು ಕೇಳಿದ್ದೀರಿ. ಮೊಮ್ಮಗಳು ಊಟಕ್ಕೆ ಮೊದಲು ತಟ್ಟೆಯ ಫೋಟೋ ತೆಗೆಯುವುದನ್ನು ದಿನವೂ ಕಾಣುತ್ತಿರುವಾಗ ಅದನ್ನೇ ಪುಸ್ತಕದಲ್ಲಿ ಏಕೆ ಓದಬೇಕು, ಇದಕ್ಕೆ ಕನ್ನಡ ಪತ್ರಿಕೆಯೊಂದು ಇಷ್ಟು ಪುಟಗಳನ್ನು ಏಕೆ ಕೊಡಬೇಕು ಎಂಬುದೂ ತಮ್ಮ ಪ್ರಶ್ನೆ. ಪತ್ರದ ಕಳಕಳಿ ನಿಜವಾದದ್ದು. ಅದಕ್ಕೆ ನಾಲ್ಕು ಸಾಲಿನ ಉತ್ತರ ಸಾಲದೆಂದು ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 2017ರಲ್ಲಿ ಬಂದ ‘ಸಿಂಪತಿ’ ಸುಜಿಕ್ ಅವರ ಮೊದಲ ಕಾದಂಬರಿ. 23 ವರ್ಷದ ಆಲಿಸ್ ಹೇರ್ ಇಂಗ್ಲೆಂಡ್ ಬಿಟ್ಟು ನ್ಯೂಯಾರ್ಕಿಗೆ ಬರುತ್ತಾಳೆ. ಅಲ್ಲಿ ನೆಲೆಸಿರುವ ಮಿಝುಕೊ ಹಿಮುರಾ ಎಂಬ ಜಪಾನಿ ಲೇಖಕಿಯ ಬದುಕಿಗೂ ತನ್ನ ಬದುಕಿಗೂ ವಿಚಿತ್ರವಾದ ಹೋಲಿಕೆಗಳಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಇಂಟರ್‌ನೆಟ್ಟಿನಲ್ಲಿ ತನಗೆ ಸಿಕ್ಕ ಅವಳಿ ಈಕೆ ಎಂದೇ ನಂಬಿ, ಹಗಲಿರುಳೂ ಆಕೆಯ ಇನ್‌ಸ್ಟಾಗ್ರಾಂ ಚಿತ್ರಗಳ ಬೆನ್ನು ಹತ್ತುತ್ತಾಳೆ. ಕೊನೆಗೆ ಇಬ್ಬರೂ ಭೇಟಿಯಾಗುತ್ತಾರೆ. ಮಿಝುಕೊ ಪಾಲಿಗೆ ಅದು ಆಕಸ್ಮಿಕ ಭೇಟಿ, ಆಲಿಸ್ ಪಾಲಿಗೆ ಬಹಳ ಮುಂಚೆಯೇ ಹೂಡಿದ ಸಂಚು. ಎದುರಿಗಿರುವ ಒಬ್ಬಳಿಗೆ ಇನ್ನೊಬ್ಬಳ ಬದುಕಿನ ವಿವರಗಳೆಲ್ಲ ಬಾಯಿಪಾಠವಾಗಿವೆ, ಆ ಇನ್ನೊಬ್ಬಳಿಗೆ ಇವಳ ಪರಿಚಯವೇ ಈಗ ಆಗುತ್ತಿದೆ. ಆಲಿಸ್ ಆಡುವ ಒಂದೊಂದು ಮಾತೂ ತನಗೆ ಮೊದಲೇ ಗೊತ್ತಿರುವುದನ್ನು ಬಚ್ಚಿಟ್ಟುಕೊಂಡೇ ಹೊರಬೀಳಬೇಕು. ಇದಕ್ಕಿಂತ ದೊಡ್ಡ ನಾಟಕವನ್ನು ನಾನು ಕಾದಂಬರಿಯಿಂದ ಬಯಸುವುದಿಲ್ಲ.

ಸುಜಿಕ್ ಅವರ ಕೈಗೆ ಸಿಕ್ಕಿರುವ ನಿಜವಾದ ವಸ್ತು ಈ ಏಕಮುಖ ಪರಿಚಯ. ಸ್ವಲ್ಪ ಯೋಚಿಸಿ ನೋಡಿ: ಕಾದಂಬರಿ ಓದುವ ನಮಗೂ ಪಾತ್ರಗಳಿಗೂ ಇರುವ ನಂಟು ಇಂಥದ್ದೇ ತಾನೇ? ನಾಯಕಿಯ ಗುಟ್ಟುಗಳೆಲ್ಲ ನಮಗೆ ಗೊತ್ತು, ನಾವಿದ್ದೇವೆಂಬುದೇ ಅವಳಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಆಲಿಸ್ ಜೀವಂತ ಹೆಣ್ಣೊಬ್ಬಳನ್ನು ಹಾಗೆ ಓದಲು ಹೊರಡುತ್ತಾಳೆ; ಓದುವುದು ಸಾಲದೆ ಆ ಕಥೆಯೊಳಗೆ ತಾನೇ ಕಾಲಿಡುತ್ತಾಳೆ. ಕಥೆಯನ್ನು ಅವಳೇ ಹೇಳುತ್ತಿರುವುದರಿಂದ ನಾವೂ ಅವಳ ಪಕ್ಕದಲ್ಲಿ ನಿಂತು ಇಣುಕುತ್ತಿರುತ್ತೇವೆ. ಅಪರಿಚಿತರ ಮನೆಯ ಮದುವೆ, ಮಗು, ಪ್ರವಾಸಗಳನ್ನು ಅವರಿಗೆ ತಿಳಿಯದಂತೆ ವರ್ಷಗಟ್ಟಲೆ ನೋಡುತ್ತಿರುವುದು ಇಂದು ಕೋಟ್ಯಂತರ ಜನರ ದಿನಚರಿಯಾಗಿದೆ. ಆ ಸ್ಥಿತಿಯನ್ನು ಒಳಗಿನಿಂದ ಅರಿಯಲು ಕಾದಂಬರಿಯಷ್ಟು ತಕ್ಕ ಪ್ರಕಾರ ಇನ್ನೊಂದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನು ಹಳತಾಗುವ ಮಾತು. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ವನ್ನು ತಾವು ಓದಿರಬಹುದು. ರಕ್ತ ಹೀರುವ ಜಮೀನುದಾರನ ಕಥೆಯೆಂದೇ ಎಲ್ಲರಿಗೂ ಅದು ನೆನಪು; ಆದರೆ ಇಡೀ ಪುಸ್ತಕ ಡೈರಿ, ಪತ್ರ, ತಂತಿ, ಪತ್ರಿಕಾ ವರದಿಗಳ ಜೋಡಣೆಯಿಂದ ಆಗಿದೆ. ಮೀನಾ ಟೈಪ್‌ರೈಟರ್ ಬಡಿಯುತ್ತಾಳೆ, ಡಾಕ್ಟರ್ ಸೀವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿಗೆ ಹೇಳಿ ಮೇಣದ ಉರುಳೆಗಳಲ್ಲಿ ದಾಖಲಿಸುತ್ತಾನೆ. ಆ ಕಾಲಕ್ಕೆ ಇವು ಹೊಚ್ಚ ಹೊಸ ಸಲಕರಣೆಗಳು. ಒಂದೆಡೆ ಮೀನಾ ಆ ಧ್ವನಿದಿನಚರಿಯ ಒಂದು ಭಾಗವನ್ನು ಕೇಳಬೇಕೆಂದಾಗ ಸೀವರ್ಡ್ ತಬ್ಬಿಬ್ಬಾಗುತ್ತಾನೆ: ತಿಂಗಳುಗಟ್ಟಲೆ ದಾಖಲಿಸುತ್ತ ಬಂದಿದ್ದರೂ, ಬೇಕಾದ ಭಾಗವನ್ನು ಮತ್ತೆ ಹುಡುಕುವುದು ಹೇಗೆಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಫೋನೋಗ್ರಾಫ್ ಹೋಯಿತು, ಟೈಪ್‌ರೈಟರ್ ಹೋಯಿತು, ಆ ಪ್ರಸಂಗ ಉಳಿಯಿತು. ಹೇಳಿದ್ದು ಹುಡುಕಿದರೂ ಸಿಗದಿರುವುದು ಸೀವರ್ಡನ ಪೇಚಾದರೆ, ಎಂದೋ ಹಾಕಿದ ಚಿತ್ರ ಇಂದು ಯಾರ ಕೈಗಾದರೂ ಸಿಗುವುದು ಮಿಝುಕೊಳ ಪೇಚು. ಸಲಕರಣೆ ಮನುಷ್ಯರನ್ನು ಯಾವ ಇಕ್ಕಟ್ಟಿಗೆ ತಳ್ಳುತ್ತದೆ ಎಂಬುದರ ಮೇಲೆ ಬರೆಯುವವರ ಕಣ್ಣಿದ್ದರೆ ಸಲಕರಣೆ ಹಳತಾದರೂ ಕಥೆ ನಿಲ್ಲುತ್ತದೆ.

ಕೆಲವು ವಿವರಗಳು ಮಾಸುವುದಂತೂ ಖಂಡಿತ. 2010ರಲ್ಲಿ ಹುಟ್ಟಿ, 2012ರಲ್ಲಿ ಫೇಸ್‌ಬುಕ್ ಪಾಲಾದ ಇನ್‌ಸ್ಟಾಗ್ರಾಂ, ಮೊದಲೆಲ್ಲ ಚಿತ್ರಗಳನ್ನು ಹಾಕಿದ ಸಮಯದ ಕ್ರಮದಲ್ಲಿಯೇ ತೋರಿಸುತ್ತಿತ್ತು. 2016ರಿಂದ ಯಾರಿಗೆ ಯಾವುದು ಮೊದಲು ಕಾಣಬೇಕೆಂಬುದನ್ನು ಕಂಪನಿಯ ಲೆಕ್ಕಾಚಾರವೇ ನಿರ್ಧರಿಸತೊಡಗಿತು. ಈಗಲೇ ಇಷ್ಟು ಬದಲಾಗಿರುವಾಗ ಮುಂದಿನ ತಲೆಮಾರಿನ ಓದುಗರಿಗೆ ಅಡಿಟಿಪ್ಪಣಿ ಬೇಕಾದೀತು. ಹಳೆಯ ಇಂಗ್ಲಿಷ್ ಕಾದಂಬರಿಗಳ ಕುದುರೆಗಾಡಿಗಳಿಗೂ ನಾವು ಟಿಪ್ಪಣಿ ನೋಡಿಕೊಂಡೇ ಓದಿದವರು.

ತಮ್ಮ ಆಕ್ಷೇಪ ನಿಜವಾಗಿ ತಗಲುವುದು ಬೇರೊಂದು ಬಗೆಯ ಪುಸ್ತಕಗಳಿಗೆ. ಚಾಟ್ ಸಂದೇಶಗಳನ್ನೂ ಇಮೋಜಿಗಳನ್ನೂ ಪುಟಗಟ್ಟಲೆ ಅಂಟಿಸಿ, ಕಾಲಕ್ಕೆ ತಕ್ಕ ಕಾದಂಬರಿ ಬರೆದೆವೆಂದು ತೃಪ್ತಿಪಡುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಅಲ್ಲಿ ಪಾತ್ರಕ್ಕೆ ಫೋನಿದೆ, ಮನಸ್ಸಿಲ್ಲ. ಅಂಥವುಗಳ ವಿಷಯದಲ್ಲಿ ನಾನು ತಮ್ಮ ಪಕ್ಷ.

ಬ್ರಿಟನ್ನಿನ ಇನ್ನೊಬ್ಬ ಕಾದಂಬರಿಕಾರ್ತಿ ಎಲೈಜಾ ಕ್ಲಾರ್ಕ್ ಅವರ ‘ಪೆನನ್ಸ್’ ಆ ಸಾಲಿಗೆ ಸೇರುವುದಿಲ್ಲ, ಅದರಲ್ಲಿ ಅಂಥ ಸಾಮಗ್ರಿ ತುಂಬಿಕೊಂಡಿದ್ದರೂ. 2023ರ ಈ ಕಾದಂಬರಿಯಲ್ಲಿ ಯಾರ್ಕ್‌ಷೈರಿನ ಕಲ್ಪಿತ ಕಡಲೂರೊಂದರಲ್ಲಿ, ಬ್ರೆಕ್ಸಿಟ್ ಜನಮತಗಣನೆಯ ರಾತ್ರಿ, ಹದಿನಾರರ ಹುಡುಗಿಯೊಬ್ಬಳನ್ನು ಅವಳ ಶಾಲೆಯ ಹುಡುಗಿಯರೇ ಕೊಲ್ಲುತ್ತಾರೆ. ಹೆಸರು ಕೆಡಿಸಿಕೊಂಡ ಪತ್ರಕರ್ತನೊಬ್ಬ ಆ ಕೊಲೆಯ ಬಗ್ಗೆ ಬರೆದ ಪುಸ್ತಕದ ರೂಪದಲ್ಲಿ, ಸಂದರ್ಶನ, ಪಾಡ್‌ಕಾಸ್ಟ್, ಟಂಬ್ಲರ್ ಎಂಬ ಬ್ಲಾಗ್ ತಾಣದ ಬರಹಗಳ ನಡುವೆ ಕಥೆ ಸಾಗುತ್ತದೆ. ಸಂದರ್ಶನ ಕೊಟ್ಟವರ ಆಕ್ಷೇಪದಿಂದ ಆ ಪತ್ರಕರ್ತನ ಪುಸ್ತಕವನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಗಿತ್ತು ಎಂಬ ಟಿಪ್ಪಣಿ ಆರಂಭದಲ್ಲೇ ಇದೆ. ಸತ್ತ ಹುಡುಗಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅವಳು ಮಾತ್ರ ಏನೂ ಹೇಳಲಾರಳು. ಮುಂದೇನಾಯಿತೆಂಬ ಆಸೆಯಿಂದ ಪುಟ ತಿರುವುತ್ತಿದ್ದ ನನಗೆ, ಕೊಲೆಯ ಪಾಡ್‌ಕಾಸ್ಟಿಗೆ ಕಿವಿಗೊಡುವವರ ಕುತೂಹಲಕ್ಕೂ ನನ್ನ ಕುತೂಹಲಕ್ಕೂ ಏನು ಅಂತರ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಕನ್ನಡ ಪತ್ರಿಕೆಯ ಪುಟಗಳ ಬಗ್ಗೆ: ‘ಗ್ರಾಂಟಾ’ ಎಂಬ ಬ್ರಿಟಿಷ್ ಸಾಹಿತ್ಯ ಪತ್ರಿಕೆ 1983ರಿಂದ ಹತ್ತು ವರ್ಷಕ್ಕೊಮ್ಮೆ ಬ್ರಿಟನ್ನಿನ ಯುವ ಕಾದಂಬರಿಕಾರರ ಪಟ್ಟಿಯೊಂದನ್ನು ಪ್ರಕಟಿಸುತ್ತದೆ. ಮೊದಲ ಪಟ್ಟಿಯಲ್ಲಿ ಸಲ್ಮಾನ್ ರಶ್ದಿ, ಕಝುವೊ ಇಶಿಗುರೊ ಇದ್ದರು. 2023ರ ಪಟ್ಟಿಯಲ್ಲಿ ಸುಜಿಕ್, ಕ್ಲಾರ್ಕ್ ಇಬ್ಬರೂ ಇದ್ದಾರೆ. ಹೊರಗಿನ ಸಾಹಿತ್ಯದಲ್ಲಿ ಏನಾಗುತ್ತಿದೆಯೆಂದು ನಮ್ಮ ಓದುಗರಿಗೆ ತಿಳಿಸುವುದು ಪತ್ರಿಕೆಯ ಕೆಲಸ. ತಮ್ಮ ಮೊಮ್ಮಗಳು ತೆಗೆಯುವ ತಟ್ಟೆಯ ಫೋಟೋವನ್ನು ಯಾರು, ಎಲ್ಲಿ ಕುಳಿತು, ಏನೆಂದುಕೊಂಡು ನೋಡುತ್ತಾರೆ ಎಂಬುದು ಊಟದ ಕೋಣೆಯಲ್ಲಿರುವ ತಮಗೆ ಕಾಣುವುದಿಲ್ಲ. ‘ಸಿಂಪತಿ’ ಅದನ್ನು ಕಾಣಿಸುತ್ತದೆ.

ಇದೆಲ್ಲ ಲೇಖಕಿಯ ಸ್ವಂತ ಕಥೆಯೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೆಣ್ಣು ಕಾದಂಬರಿ ಬರೆದರೆ ಅದು ಅವಳ ಆತ್ಮಕಥೆಯೇ ಇರಬೇಕೆಂದು ಓದುವ ರೂಢಿಯನ್ನೂ, ಪುಸ್ತಕ ಹೊರಬಂದ ಮೇಲೆ ತನ್ನನ್ನು ಕಾಡಿದ ಆತಂಕವನ್ನೂ ಕುರಿತು ಸುಜಿಕ್ 2018ರಲ್ಲಿ ‘ಎಕ್ಸ್‌ಪೋಷರ್’ ಎಂಬ ನೀಳ ಪ್ರಬಂಧವನ್ನೇ ಬರೆದಿದ್ದಾರೆ. 2021ರ ‘ಅಸೈಲಂ ರೋಡ್’ ಕಾದಂಬರಿಯಲ್ಲಿ ಅವರು ಇನ್‌ಸ್ಟಾಗ್ರಾಮಿನಿಂದ ದೂರ ಸರಿದು, ಯುದ್ಧಕಾಲದ ಮುತ್ತಿಗೆಗೆ ಸಿಕ್ಕಿದ ಬೋಸ್ನಿಯಾದ ಸರಯೇವೋ ನಗರದಿಂದ ಬಾಲ್ಯದಲ್ಲಿ ಪಾರಾಗಿ ಬಂದ ಹೆಣ್ಣೊಬ್ಬಳ ಕಥೆ ಹೇಳಿದ್ದಾರೆ. ತಾವು ಅದನ್ನೇ ಮೊದಲು ಓದಿ, ಆಮೇಲೆ ‘ಸಿಂಪತಿ’ಗೆ ಬರಬಹುದು. ಓದಿದ ಮೇಲೂ ಆಕ್ಷೇಪ ಉಳಿದರೆ ದಯವಿಟ್ಟು ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ